ಮಂಪರಿನ ಮದ್ದು ಮತ್ತು ಗೇಜ್ ಪುಸ್ತಕ

ನಮ್ಮ ಮನೆಯ ರೊಟ್ಟಿ ಬುಟ್ಟಿಗೆ ಮುಚ್ಚುವ ಹಸಿರು ಬಟ್ಟೆ ನಮ್ಮದಲ್ಲ. ಶಹಾಪುರದ ಒಂದು ಹಲ್ಲಿನ ದವಾಖಾನೆಯದು. ಕದ್ದು ತಂದದ್ದಲ್ಲ. ಕೊರಳಿಗೆ ಕಟ್ಟಿದ್ದನ್ನು ಬಿಚ್ಚುವಷ್ಟೂ ವ್ಯವಧಾನವಿಲ್ಲದೆ ಕುರ್ಚಿಯಿಂದ ಎದ್ದು ಓಡಿ ಬಂದಿದ್ದೆ, ಅಷ್ಟೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ, ಕುರಿ ಮಾರಿ ಹೊರಟಿದ್ದ ಒಬ್ಬ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರಿ ಯಜಮಾನ್ರ, ಕಟಿಂಗ್ ಅರ್ಧಕ್ಕ ಬಿಟ್ಟು ಬಂದೀರೇನು?" ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಹಿಂದಿರುಗಿ ಹೋಗಿ ಕೊಡಲು ಧೈರ್ಯ ಸಾಲಲಿಲ್ಲ. ಮಡಚಿ ಜೇಬಿಗೆ ತುರುಕಿಕೊಂಡು ನಮ್ಮೂರು ಭೀಮರಾಯನಗುಡಿಗೆ ಬಂದೆ. ನನ್ನ ಹೆಂಡತಿ ಶರಣಮ್ಮ ಅದನ್ನು ಒಗೆದು, ಒಣಗಿಸಿ, ರೊಟ್ಟಿಗೆ ಮುಚ್ಚಿದಳು. ಅಂದಿನಿಂದ ದಿನಾ ಎರಡು ಹೊತ್ತು ನನ್ನ ಹೇಡಿತನವನ್ನು ಎತ್ತಿ ಪಕ್ಕಕ್ಕಿಟ್ಟೇ ನಾನು ಊಟಕ್ಕೆ ಕೂಡಬೇಕು.

ನಾನು ಎಲ್ಲದಕ್ಕೂ ಹೆದರುವವನಲ್ಲ. ಕಾಲುವೆಯ ಏರಿಯ ಮೇಲೆ ಹಾವು ದಾಟಿಕೊಂಡು ತಿರುಗಿದ್ದೇನೆ. ನೀರಿನ ಸರದಿ ಬಂದಿಲ್ಲವೆಂದು ಸಿಟ್ಟಿಗೆದ್ದ ಕಾಲುವೆಯ ಕೊನೆಯ ಊರುಗಳ ಜನರ ನಡುವೆ ಒಬ್ಬನೇ ನಿಂತು ಮಾತಾಡಿದ್ದೇನೆ. ಆದರೆ ಆ ಕುರ್ಚಿ ಬೇರೆ. ಜಗತ್ತಿನಲ್ಲಿ ಬಾಯಿ ಪೂರ್ತಿ ತೆರೆದೂ ಒಂದು ಪ್ರಶ್ನೆ ಕೇಳಲಾಗದ ಜಾಗ ಅದೊಂದೇ. ಅನುಮಾನವನ್ನೇ ಉಸಿರಾಡುವ ನನ್ನಂಥವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅನುಮಾನ ನನಗೆ ಚಟವಲ್ಲ, ಸಂಬಳ ಪಡೆದು ಮಾಡಿದ ಕೆಲಸ. ನೀರಾವರಿ ಇಲಾಖೆಯಲ್ಲಿ ನಾನಿದ್ದಾಗ ಕಾಲುವೆಯ ಗೋಡೆಗಳ ಮೇಲೆ ಅಡಿ-ಇಂಚುಗಳ ಗುರುತು ಬರೆದಿರುತ್ತಿತ್ತು. ಅದಕ್ಕೆ ಗೇಜ್ ಎನ್ನುತ್ತಿದ್ದೆವು. ನೀರಿನ ಗೇಟು ಎತ್ತಿಳಿಸುವ ಗೇಟಿನವನು ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ನೀರು ಎಷ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅವನು ನಿಜವಾಗಿ ಹೋಗಿದ್ದನೋ, ಮನೆಯಲ್ಲಿ ಕೂತು ಬರೆದನೋ ಎಂದು ಪತ್ತೆ ಹಚ್ಚುವುದು ನನ್ನ ಪಾಲಿಗೆ ಬಂದಿತ್ತು. ನೀರನ್ನು ನೋಡುವ ಮೊದಲು ನಾನು ಶಾಯಿ ನೋಡುತ್ತಿದ್ದೆ. ಹದಿನೈದು ದಿನದ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ವಾಲಿನಲ್ಲಿ, ಮುತ್ತು ಪೋಣಿಸಿದಂತೆ ಇದ್ದರೆ ಅದು ಸುಳ್ಳು. ಖರೇ ಪುಸ್ತಕ ಕೊಳಕಾಗಿರುತ್ತದೆ. ಒಂದು ಕಡೆ ಹನಿ ಬಿದ್ದಿರುತ್ತದೆ, ಒಂದು ಕಡೆ ಹೊಡೆದು ತಿದ್ದಿರುತ್ತದೆ, ಒಂದು ದಿನ ಯಾವುದೋ ಎಡವಟ್ಟು ಅಂಕಿ ಬಂದು ಪಕ್ಕದಲ್ಲಿ 'ಕಸ ಸಿಕ್ಕಿತ್ತು, ತೆಗೆಸಿದೆ' ಎಂದಿರುತ್ತದೆ. ಮುಂಚಿತವಾಗಿ ನಾಳಿನ ಅಂಕಿಯನ್ನೂ ಬರೆದಿಟ್ಟ ಒಬ್ಬ ಮಹಾನುಭಾವನನ್ನು ಹಿಡಿದದ್ದು ನನ್ನ ಸೇವೆಯ ದೊಡ್ಡ ಸಾಧನೆ. ನಿವೃತ್ತಿಯ ದಿನ ಅದನ್ನೇ ಎಲ್ಲರೂ ಹೊಗಳಿದರು. ಅವನೂ ಹೊಗಳಿದ.

ಇಂಥವನಿಗೆ ಶಹಾಪುರದ ಆ ಹಲ್ಲಿನ ಡಾಕ್ಟರು ಮಾಡಿದ ತಪ್ಪೆಂದರೆ ಸಮಾಧಾನ ಹೇಳಿದ್ದು. ನಾನು ಕುರ್ಚಿಯ ಹಿಡಿಯನ್ನು ಬಿಗಿಹಿಡಿದದ್ದು ನೋಡಿ, "ಏನೂ ಆಗಂಗಿಲ್ರಿ. ಒಂದು ಸೂಜಿ ಹಾಕ್ತೀನಿ, ಮಂಪರು ಬರ್ತದ. ಎದ್ದಾಗ ಹಲ್ಲು ನಿಮ್ಮ ಕೈಯಾಗಿರ್ತದ" ಎಂದರು. 'ಏನೂ ಆಗಂಗಿಲ್ಲ' ಎಂಬ ಮಾತನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ. ಕಾಲುವೆ ಒಡೆಯುವ ಹಿಂದಿನ ದಿನ ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ.

"ನೀವು ಹಲ್ಲು ಕೀಳೋ ಮುಂದ ನನ್ನ ಉಸಿರು ಯಾರು ನೋಡ್ತಾರ್ರಿ?" ಎಂದು ಕೇಳಿದೆ.

"ನಾನೇ ನೋಡ್ತೀನ್ರಿ. ಎರಡೂ ನಾನೇ ಮಾಡೋದು."

ಗೇಟು ಎತ್ತುವವನೇ ಗೇಜ್ ನೋಡಿ ಬರೆಯುವವನಾದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಇರಲಾರರು. ಹಸಿರು ಬಟ್ಟೆ ನಮ್ಮ ಮನೆಗೆ ಬಂದದ್ದು ಹಾಗೆ.

ಓಡಿ ಬಂದ ಮೇಲೆ ನನ್ನ ಓಟಕ್ಕೆ ಪುರಾವೆ ಬೇಕಾಯಿತು. ಸುರಪುರದಲ್ಲಿರುವ ನನ್ನ ಷಡ್ಡಕ ಫೋನಿನಲ್ಲಿ, "ಛಲೋ ಮಾಡಿದಿ. ಹಲ್ಲು ಕೀಳಸಾಕ ಮಂಪರಿನ ಸೂಜಿ ಹಾಕ್ಸ್ಕೊಂಡಾಂವ ಒಬ್ಬ ಎದ್ದೇ ಇಲ್ಲಂತ" ಎಂದ. ಯಾರು, ಯಾವೂರು ಎಂದು ಕೇಳಿದೆ. ಶಹಾಪುರದವನಂತೆ. ಶಹಾಪುರದಲ್ಲಿ ಗೊಬ್ಬರದ ಅಂಗಡಿಯ ಗೆಳೆಯನನ್ನು ವಿಚಾರಿಸಿದರೆ ಕಥೆ ಖರೇ, ಆದರೆ ಮನುಷ್ಯ ಯಾದಗಿರಿಯವನಂತೆ. ಯಾದಗಿರಿಯಲ್ಲಿ ಕೇಳಿದರೆ ಅವನು ಕಲಬುರಗಿಯವನಾದ. ಸತ್ತವನು ಬದುಕಿದ್ದಾಗಲೂ ಇಷ್ಟು ಊರು ತಿರುಗಿರಲಿಕ್ಕಿಲ್ಲ. ಗಾಳಿಸುದ್ದಿಯನ್ನೂ ನಂಬದಷ್ಟು ಅನುಮಾನ ನನಗಿದ್ದುದರಿಂದ, ಮದ್ದಿಗೆ ಹೆದರಲೂ ಆಗದೆ ಒಪ್ಪಲೂ ಆಗದೆ ನಡುವೆ ಸಿಕ್ಕಿಬಿದ್ದೆ.

ಹಲ್ಲು ಮಾತ್ರ ಕಾಯಲಿಲ್ಲ. ಬಲಗಡೆಯ ಕೊನೆಯ ದವಡೆ ಹಲ್ಲು. ಬುಡದಲ್ಲಿ ಕೀವು ತುಂಬಿ ಕೆನ್ನೆ ಬಾತುಕೊಂಡಿತು. ಒಣಗಿ ಗಟ್ಟಿಯಾದ ಕಟಿ ರೊಟ್ಟಿ ಕಡಿಯುವ ಮನುಷ್ಯ ನಾನು, ಹಾಲಿನಲ್ಲಿ ಅನ್ನ ಕಲಸಿಕೊಂಡು ಕೂಸಿನ ಹಾಗೆ ತಿನ್ನತೊಡಗಿದೆ. ಶರಣಮ್ಮ ಕೈ ಹಿಡಿದು ಎಳೆದುಕೊಂಡೇ ಯಾದಗಿರಿಯ ಇನ್ನೊಂದು ದವಾಖಾನೆಗೆ ಒಯ್ದಳು. ಅಲ್ಲಿನ ದಂತವೈದ್ಯರು ಎಳೆಯರು, ಮಾತು ಕಡಿಮೆ. ಎಕ್ಸ್-ರೇ ಎತ್ತಿ ಹಿಡಿದು, ಬೇರು ಕೊಕ್ಕೆಯ ಹಾಗೆ ಬಾಗಿದೆ, ಕೀಳಲು ಮುಕ್ಕಾಲು ತಾಸು ಬೇಕು, ಈಗ ಗುಳಿಗೆಯಿಂದ ಬಾವು ಇಳಿದರೂ ಹಲ್ಲನ್ನು ಬಿಟ್ಟರೆ ಮತ್ತೆ ಬರುತ್ತದೆ, ಕೊರಳಿಗೆ ಇಳಿದರೆ ಉಸಿರಿಗೇ ಕುತ್ತು ಎಂದರು. ಕುರ್ಚಿ ನೋಡಿಯೇ ನನ್ನ ಅಂಗಿ ಬೆವರಿನಿಂದ ಒದ್ದೆಯಾದದ್ದು ಕಂಡು, "ಹಿಂಗ ಹೆದರಿದ್ರ ನಾ ಕೈ ಹಾಕಂಗಿಲ್ರಿ. ಬುಧವಾರ ಕಲಬುರಗಿಯಿಂದ ಅರಿವಳಿಕೆ ಮೇಡಂ ಬರ್ತಾರ. ಅವರು ಒಪ್ಪಿದ್ರ ಮಾಡೋಣು" ಎಂದರು.

ಅರಿವಳಿಕೆ! ಯಾರಿಟ್ಟ ಹೆಸರೋ. ಅರಿವು ಗಳಿಸಲು ಒಂದು ಜನ್ಮ ಸಾಲದೆಂದು ಮಠದಲ್ಲಿ ಕೇಳಿ ಬೆಳೆದವರು ನಾವು. ಇವರು ಅದನ್ನು ಒಂದು ಸಿರಿಂಜಿನಲ್ಲಿ ಅಳಿಸುತ್ತಾರಂತೆ, ಅದೂ ಬುಧವಾರ ಮಾತ್ರ. ಅಳಿಸಿದ್ದನ್ನು ಮರಳಿ ಬರೆಯುವುದು ಯಾರು ಎಂಬ ಪ್ರಶ್ನೆಯನ್ನು ಇಡೀ ದಾರಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಯೋಚಿಸಿದೆ.

ಬುಧವಾರ ಆ ಮೇಡಂ ಸಿಕ್ಕರು. ಮೂವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಿಗಿದ ಜಡೆ. ತವರು ಇಲ್ಲೇ ಮುದನಾಳ, ಜೋಳ-ತೊಗರಿ ಬೆಳೆಯುವವರ ಮನೆ ಎಂದು ಶರಣಮ್ಮ ಎರಡೇ ನಿಮಿಷದಲ್ಲಿ ತಿಳಿದುಕೊಂಡಳು. ನಾನು ತಯಾರಾಗಿ ಹೋಗಿದ್ದೆ. "ಮೇಡಂ, ಏನೂ ಆಗಂಗಿಲ್ಲ ಅಂತ ಹೇಳ್ರಿ ನೋಡೋಣು" ಎಂದೆ. ಹೇಳಿದರೆ ಎದ್ದು ಹೋಗುವುದೆಂದು ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಯೇ ಬಿಟ್ಟಿದ್ದೆ.

"ಹಂಗ ಯಾರು ಹೇಳ್ತಾರ್ರಿ ಕಾಕಾರ?" ಎಂದರು ಆಕೆ. "ಆಗಬಹುದು. ಉಸಿರು ಸಣ್ಣದಾಗಬಹುದು, ಬಿ.ಪಿ. ಇಳೀಬಹುದು. ಭಾಳ ಮಂದಿಗೆ ಆಗಂಗಿಲ್ಲ. ಯಾರಿಗೆ ಆಗ್ತದ ಅಂತ ಮದ್ಲ ಗೊತ್ತಿರಂಗಿಲ್ಲ. ಅದಕ್ಕ ನಾ ಕೂತಿರ್ತೀನಿ. ಅವರು ಹಲ್ಲು ನೋಡ್ತಾರ, ನಾ ನಿಮ್ಮನ್ನ ನೋಡ್ತೀನಿ. ಬ್ಯಾರೆ ಕೆಲಸ ಇಲ್ಲ ನನಗ."

ನನ್ನ ಚಪ್ಪಲಿ ಸುಮ್ಮನಾಯಿತು. ಆದರೂ ಅಷ್ಟಕ್ಕೇ ಬಿಟ್ಟರೆ ಇಲಾಖೆಯ ಮರ್ಯಾದೆ ಏನಾಗಬೇಕು? ಮೂಲೆಯಲ್ಲಿ ನಿಂತಿದ್ದ ಆಮ್ಲಜನಕದ ಸಿಲಿಂಡರಿನ ಹತ್ತಿರ ಹೋಗಿ ಅದರ ಒತ್ತಡ ತೋರಿಸುವ ಮುಳ್ಳಿನ ಗಾಜನ್ನು ಬೆರಳಿನಿಂದ ತಟ್ಟಿದೆ. ಸಿಕ್ಕಿಕೊಂಡ ಮುಳ್ಳು ತಟ್ಟಿದರೆ ಬೀಳುತ್ತದೆ. ಖಾಲಿ ಸಿಲಿಂಡರ್ ತುಂಬಿದಂತೆ ನಟಿಸುವುದನ್ನು ನಾನು ಕಂಡವನು. ಮುಳ್ಳು ಅಲುಗಲಿಲ್ಲ. ಬಾಯಿ ತಿರುಗಿಸಿ ಗಾಳಿ ಬಿಟ್ಟು ತೋರಿಸಲು ಹೇಳಿದೆ. ದಂತವೈದ್ಯರ ಮುಖ ಬಿಗಿಯಿತು. ಆದರೆ ಮೇಡಂ ತಿರುಗಿಸಿ ತೋರಿಸಿದರು. ಬಾಯಲ್ಲಿ ಬಂದದ್ದನ್ನು ಎಳೆದು ತೆಗೆಯುವ ನಳಿಗೆ, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ಅಳೆಯುವ ಚಿಮಟಿಗೆ, ಮದ್ದು ಹೆಚ್ಚಾದರೆ ಅದನ್ನು ಇಳಿಸುವ ಇನ್ನೊಂದು ಮದ್ದಿನ ಶೀಷೆ, ಅದರ ಮೇಲಿನ ತಾರೀಖು, ಎಲ್ಲವನ್ನೂ ನೋಡಿದೆ. ತಾರೀಖನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ.

"ಮುಗೀತ್ರಿ ನಿಮ್ಮ ತಪಾಸಣಿ? ಈಗ ನಂದು" ಎಂದು ಆಕೆ ಪೆನ್ನು ತೆಗೆದರು. ಬಿ.ಪಿ. ಗುಳಿಗೆ ಯಾವುದು, ಕುಡಿಯುವುದುಂಟೇ, ನಿದ್ದೆಗೆ ಏನಾದರೂ ನುಂಗುತ್ತೀರಾ, ಹಿಂದೆ ಆಪರೇಷನ್ ಆಗಿದೆಯೇ. ನಾನು ಟಪಟಪ ಉತ್ತರ ಕೊಟ್ಟೆ. ಗೊರಕೆ ಹೊಡೆಯುತ್ತೀರಾ ಎಂದಾಗ, "ಇಲ್ಲ" ಎಂದೆ.

"ಹೊಡೀತಾರ್ರಿ," ಎಂದಳು ಶರಣಮ್ಮ. "ಒಮ್ಮೊಮ್ಮೆ ನಡಬರಕ ಉಸಿರು ನಿಂತೂ ಬಿಡ್ತದ್ರಿ."

"ಏ ನೀ ಸುಮ್ಮನಿರು. ಪುರಾವೆ ಏನದ?" ಎಂದೆ. ಮೂವತ್ತಾರು ವರ್ಷದಿಂದ ಇದು ನಮ್ಮಿಬ್ಬರ ನಡುವಿನ ಇತ್ಯರ್ಥವಾಗದ ತಕರಾರು. ಮೇಡಂ ನನ್ನ ಕಡೆ ನೋಡಲೇ ಇಲ್ಲ. ಅವಳು ಹೇಳಿದ್ದನ್ನು ಬಹಳ ಹೊತ್ತು ಬರೆದುಕೊಂಡರು. ನನಗೆ ಸ್ವಲ್ಪ ಅವಮಾನವೇ ಆಯಿತು. ಆಮೇಲೆ ಒಂದು ಫಾರಂ ಕೈಗೆ ಕೊಟ್ಟು, ಮುಂದಿನ ಬುಧವಾರ ಹನ್ನೊಂದಕ್ಕೆ ಬನ್ನಿ, ಜೊತೆಗೆ ಮನೆಯವರು ಇರಲೇಬೇಕು, ಆರು ತಾಸು ಮೊದಲಿನಿಂದ ಹೊಟ್ಟೆಗೆ ಏನೂ ಹೋಗಬಾರದು, ಇದನ್ನು ತುಂಬಿ ತನ್ನಿ ಎಂದರು.

ಫಾರಂ ಎಂದರೆ ನನಗೆ ಹಬ್ಬ. ಮಂಗಳವಾರ ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂತು, ಒಳ್ಳೆಯ ಪೆನ್ನು ತೆಗೆದು, ಒಂದು ಅಕ್ಷರ ವಾಲದಂತೆ ಪೂರ್ತಿ ತುಂಬಿದೆ. 'ಕೊನೆಯ ಸಲ ಆಹಾರ ತೆಗೆದುಕೊಂಡ ಸಮಯ' ಎಂಬ ಕಡೆ, ಇನ್ನು ಸ್ವಲ್ಪ ಹೊತ್ತಿಗೆ ಮಾಡಲಿದ್ದ ಊಟವನ್ನು ಲೆಕ್ಕ ಹಿಡಿದು, 'ಮಂಗಳವಾರ ರಾತ್ರಿ ಎಂಟು' ಎಂದು ಬರೆದು ಸಹಿ ಹಾಕಿದೆ.

ಬುಧವಾರ ಬೆಳಿಗ್ಗೆ ಚಹಾ ಕುಡಿಯಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಚಹಾ ಬಿಡುವುದು ನನಗೆ ಸಣ್ಣ ಮಾತಲ್ಲ. ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಶುಂಠಿ ಚಹಾದ ವಾಸನೆಗೆ ಮೂಗು ಮುಚ್ಚಿಕೊಂಡು ನಡೆದೆ. ದವಾಖಾನೆಯ ಮೆಟ್ಟಿಲು ಹತ್ತುವಾಗ, ಡಾಕ್ಟರು ಹೇಳಿದ್ದನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುವ ರೋಗಿ ಇನ್ನೊಬ್ಬನಿರಲಾರ ಎಂಬ ಹೆಮ್ಮೆ ಇತ್ತು.

ಮೇಡಂ ಫಾರಂ ನೋಡಿದರು. "ಏನರ ತಿಂದೀರೇನ್ರಿ ಕಾಕಾರ?"

"ಇಲ್ರಿ. ಅದರಾಗ ಬರದೀನಿ."

ಅರ್ಧ ತಾಸಿನ ಮೇಲೆ ಬಿ.ಪಿ. ನೋಡುತ್ತ ಮತ್ತೆ ಕೇಳಿದರು. ನನಗೆ ಸಿಟ್ಟು ಬಂತು. ಕುರ್ಚಿಯ ಮೇಲೆ ಕೂಡಿಸಿ, ಚಿಮಟಿಗೆಯನ್ನು ಬೆರಳಿಗೆ ಸಿಕ್ಕಿಸಿ ಮೂರನೆಯ ಸಲ ಕೇಳಿದಾಗ ತಡೆಯಲಾಗಲಿಲ್ಲ. "ಯಾಕ್ರಿ ಮೇಡಂ, ನನ್ನ ಮ್ಯಾಲ ಭರೋಸಾ ಇಲ್ಲೇನು? ಎಷ್ಟು ಸಲ ಕೇಳಾಕತ್ತೀರಿ?"

ಆಕೆ ನನ್ನ ಹಣೆಯನ್ನೇ ನೋಡುತ್ತಿದ್ದರು. ಮೂರು ಬೆರಳಿನ ವಿಭೂತಿ ಅಂದು ಸೊಗಸಾಗಿ ಮೂಡಿತ್ತು.

"ಪೂಜಾ ಮಾಡ್ಕೊಂಡು ಬಂದೀರಿ?"

"ಹೌದ್ರಿ. ಲಿಂಗಪೂಜಾ ಆಗದ ನಾ ಮನಿ ಬಿಡಂಗಿಲ್ಲ."

"ಪೂಜಾ ಆದಮ್ಯಾಲ ಪ್ರಸಾದ?"

ಬೆಳಗಿನ ಬಟ್ಟಲು ನೆನಪಾಯಿತು. ಮೂಲೆಯಲ್ಲಿ ಕೂತಿದ್ದ ಶರಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಿನಾ ಬೆಳಿಗ್ಗೆ ಅಂಗೈಯ ಮೇಲೆ ಲಿಂಗವಿಟ್ಟು ಪೂಜೆ ಮುಗಿಸಿ, ಅದಕ್ಕೆ ತೋರಿಸಿದ ಬಾಳೆಹಣ್ಣು, ಹಾಲು, ಸಕ್ಕರೆಯ ಬಟ್ಟಲನ್ನು ಖಾಲಿ ಮಾಡಿ ಏಳುವುದು ನಮ್ಮಪ್ಪನ ಕಾಲದಿಂದ ಬಂದದ್ದು. ಬಿಟ್ಟರೆ ಪೂಜೆ ಮುಗಿದಂತಲ್ಲ. ಅವತ್ತೂ ಶರಣಮ್ಮ ಬಟ್ಟಲು ತಂದು ಇಟ್ಟಿದ್ದಳು, ನಾನು ಏಳೂವರೆಗೆ ಮುಗಿಸಿದ್ದೆ. ಅದು ತಿಂದದ್ದು ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಪ್ರಸಾದನ್ನ ತಿನ್ನೋದ್ರಾಗ ಯಾರು ಎಣಸ್ತಾರ್ರಿ?" ಎಂದೆ.

"ನಮ್ಮಪ್ಪನೂ ಎಣಸಂಗಿಲ್ರಿ," ಎಂದರು ಮೇಡಂ, ಬೆರಳಿನ ಚಿಮಟಿಗೆ ಬಿಚ್ಚುತ್ತ. "ಆದ್ರ ಶ್ವಾಸಕೋಶಕ್ಕ ಅದು ಪ್ರಸಾದ ಅಂತ ಗೊತ್ತಾಗಂಗಿಲ್ಲ. ಮಂಪರಿನಾಗ ಗಂಟಲಿನ ಎಚ್ಚರಾ ಕಡಿಮಿ ಆಗ್ತದ. ಹೊಟ್ಯಾಗಿಂದು ಮ್ಯಾಲ ಬಂದು ಉಸಿರಿನ ಹಾದ್ಯಾಗ ಇಳೀತಂದ್ರ ಜೀವಕ್ಕ ಬರ್ತದ. ಇವತ್ತ ಬ್ಯಾಡ." ದಂತವೈದ್ಯರು, ಎಲ್ಲ ಸಜ್ಜಾಗಿದೆ, ಸ್ವಲ್ಪವೇ ತಿಂದಿದ್ದಾರಲ್ಲ ಎನ್ನುವಂತೆ ಆಕೆಯ ಕಡೆ ನೋಡಿದರು. "ಇವತ್ತ ಬ್ಯಾಡ" ಎಂದು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದರು ಆಕೆ. ಆಮೇಲೆ ಫಾರಂ ಎತ್ತಿಕೊಂಡು, "ಇದನ್ನ ಯಾವಾಗ ತುಂಬಿದ್ರಿ?" ಎಂದರು.

"ನಿನ್ನಿ ಸಂಜೀಕ," ಎಂದೆ.

ಹೇಳುವಾಗಲೇ ನನ್ನ ಕಿವಿ ಬಿಸಿಯಾಯಿತು. ನಾಳಿನ ಅಂಕಿಯನ್ನು ಇಂದೇ ಬರೆದಿಟ್ಟ ಆ ಗೇಟಿನವನು ಕಣ್ಣ ಮುಂದೆ ಬಂದು ನಿಂತ. ಅವನಿಗೆ ನಾನು ನೋಟಿಸು ಕೊಡಿಸಿದ್ದೆ. ಅವನು ಬರೆದದ್ದು ಕಾಲುವೆಯ ನೀರಿನ ಬಗ್ಗೆ. ನಾನು ಬರೆದದ್ದು ನನ್ನದೇ ಜೀವದ ಬಗ್ಗೆ, ಅದೂ ಒಂದು ಅಕ್ಷರ ವಾಲದಂತೆ. ಸಿಲಿಂಡರನ್ನು ತಟ್ಟಿ ನೋಡಿದೆ, ಶೀಷೆಯ ತಾರೀಖು ನೋಡಿದೆ, ಊರೂರಿನ ಗಾಳಿಸುದ್ದಿಯನ್ನು ಬೆನ್ನಟ್ಟಿದೆ. ಆ ಕೋಣೆಯಲ್ಲಿ ಸುಳ್ಳು ಅಂಕಿ ಇದ್ದದ್ದು ನನ್ನ ಫಾರಮ್ಮಿನಲ್ಲಿ ಮಾತ್ರ. ನಿಜವಾಗಿಯೂ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆಕೆ ನನ್ನ ಮಾತನ್ನು ನಂಬಿಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಬಸ್ಸಿನಲ್ಲಿ ಬರುವಾಗ ಶರಣಮ್ಮನನ್ನು ಎರಡು ಸಲ ಕೇಳಿದೆ.

ಗುಳಿಗೆಯ ದಯೆಯಿಂದ ಬಾವು ಇನ್ನೊಂದು ವಾರ ಸುಮ್ಮನಿತ್ತು. ಹೊರಡುವಾಗ ಮೇಡಂ, "ಮುಂದಿನ ಬುಧವಾರ ಪೂಜಾ ಮಾಡ್ರಿ, ಬಿಡಬ್ಯಾಡ್ರಿ. ಪ್ರಸಾದ ಸಂಜೀಕ ತಗೋತೀನಿ ಅಂತ ಲಿಂಗದೇವರಿಗೆ ಹೇಳ್ಕೋರಿ" ಎಂದಿದ್ದರು. ಹಾಗೆಯೇ ಹೇಳಿಕೊಂಡೆ. ದೇವರು ಅನುಮಾನಿಸಲಿಲ್ಲ. ಶರಣಮ್ಮ ಬಟ್ಟಲನ್ನು ಮುಚ್ಚಿಟ್ಟು, ಮರೆತು ಏನಾದರೂ ತಿಂದೇನೆಂದು ನನ್ನ ಹಿಂದೆಯೇ ತಿರುಗಿದಳು. ಖಾಲಿ ಫಾರಮ್ಮನ್ನು ಒಯ್ದು ಅಲ್ಲೇ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡು ತುಂಬಿದೆ. ಅಕ್ಷರ ಸೊಟ್ಟಪಟ್ಟ ಬಂದವು. ಮೇಡಂ ಮೂರು ಸಲ ಕೇಳಿದರು. ಮೂರು ಸಲವೂ ಸಮಾಧಾನದಿಂದ ಉತ್ತರ ಕೊಟ್ಟೆ. ನಾಲ್ಕನೆಯ ಸಲ ಕೇಳದೆ ಇದ್ದಾಗ ನಾನೇ ನೆನಪಿಸಿದೆ. ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು, "ಗೊರಕಿ ನಿಲ್ಲೋದು ನಿಮ್ಮ ಮನಿಯವರು ಹೇಳ್ಯಾರಲ್ಲ, ಅದಕ್ಕ ಮದ್ದು ಜರಾ ಜರಾ ಹಾಕ್ತೀನಿ" ಎಂದರು.

ಮುಂದಿನದು ನನಗೆ ಗೊತ್ತಿಲ್ಲ. ಅನುಮಾನಸ್ಥನಿಗೆ ಇದಕ್ಕಿಂತ ದೊಡ್ಡ ಸಂಕಟವೂ ಇಲ್ಲ. "ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳಿದೆ, ಬಾಯಲ್ಲಿ ಹತ್ತಿ ಇತ್ತು. ಮುಗಿದು ಆಗಲೇ ಬಹಳ ಹೊತ್ತಾಗಿತ್ತಂತೆ, ಅದೇ ಪ್ರಶ್ನೆಯನ್ನು ನಾನು ಐದನೆಯ ಸಲ ಕೇಳುತ್ತಿದ್ದೆನಂತೆ. ನಡುವೆ ಡಾಕ್ಟರು 'ಬಾಯಿ ತೆಗೀರಿ' ಎಂದಾಗ ತೆಗೆದಿದ್ದೆನಂತೆ, 'ಹೂಂ' ಎಂದೂ ಅಂದಿದ್ದೆನಂತೆ. ಈ ಎಲ್ಲ 'ಅಂತೆ'ಗಳನ್ನು ನಾನು ಹೇಗೆ ನಂಬಲಿ? ನನ್ನ ಬದುಕಿನಲ್ಲಿ ಮುಕ್ಕಾಲು ತಾಸಿನ ಅಂಕಿಗಳೇ ಇಲ್ಲ. ನಾಲಿಗೆ ಇನ್ನೂ ತೊದಲುತ್ತಿದ್ದರೂ ನನ್ನ ಉಸಿರಿನ ಲೆಕ್ಕದ ಪುಸ್ತಕ ಕೇಳಿದೆ. ಮೇಡಂ ನಕ್ಕು, ಪೂರ್ತಿ ಎಚ್ಚರಾದ ಮೇಲೆ ಎಂದರು. ಎರಡು ತಾಸು ಕೂಡಿಸಿಕೊಂಡು, ನನ್ನ ಹೆಸರು, ವಾರ ಎಲ್ಲ ಕೇಳಿ, ನಡೆಸಿ ನೋಡಿ, ಆಮೇಲೆ ಅಂಕಿ ಬರೆದಿಟ್ಟ ಹಾಳೆ ಕೈಗೆ ಕೊಟ್ಟರು.

ಮೊದಲು ಶಾಯಿ ನೋಡಿದೆ. ಐದೈದು ನಿಮಿಷಕ್ಕೆ ಒಂದು ಸಾಲು. ಒಂದು ಕಡೆ ಹೊಡೆದು ತಿದ್ದಿತ್ತು, ಒಂದು ಕಡೆ ಒದ್ದೆ ಬೆರಳಿನ ಗುರುತು. ಆಮ್ಲಜನಕ ತೊಂಬತ್ತೆಂಟು, ತೊಂಬತ್ತೇಳು, ಮತ್ತೆ ತೊಂಬತ್ತೆಂಟು. ನಡುವೆ ಒಂದು ಸಾಲಿನಲ್ಲಿ ತೊಂಬತ್ತೊಂದು! ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಗೊರಕೆ, ಉಸಿರು ತಡೆಯಿತು, ಗದ್ದ ಎತ್ತಿ ಹಿಡಿದೆ, ಕರೆದಾಗ ಓಗೊಟ್ಟರು, ಆಮ್ಲಜನಕ ಹೆಚ್ಚಿಸಿದೆ. ಮುಂದಿನ ಸಾಲು ತೊಂಬತ್ತೇಳು. ಇಳಿದದ್ದನ್ನು ಬರೆಯದೆ ಬಿಟ್ಟಿದ್ದರೆ ಕೇಳುವವರಿರಲಿಲ್ಲ, ಬರೆದಿದ್ದರು. ಅಷ್ಟೂ ದಿನದಲ್ಲಿ ಮೊದಲ ಸಲ, ಆ ಕೆಟ್ಟ ಅಂಕಿಯನ್ನು ನೋಡಿದಾಗಲೇ ನನಗೆ ಪೂರ್ತಿ ನಂಬಿಕೆ ಬಂದದ್ದು. ಅದು ಕಾಲುವೆಗೆ ಹೋಗಿ ನೋಡಿ ಬರೆದ ಪುಸ್ತಕ.

"ನಿದ್ದ್ಯಾಗ ಉಸಿರು ನಿಲ್ಲೋದಕ್ಕ ಕಲಬುರಗಿಗೆ ಬಂದು ತೋರಿಸ್ಕೋರಿ" ಎಂದರು ಮೇಡಂ. ಶರಣಮ್ಮ ಮುಂದೆ ಬಂದು, "ಮೇಡಂ, ಅದರದೊಂದು ಝೆರಾಕ್ಸ್ ಬೇಕಾಗಿತ್ರಿ" ಎಂದಳು. ಯಾಕೆಂದು ನಾನು ಕೇಳಲಿಲ್ಲ. ಪುರಾವೆ ಏನದ ಎಂದು ಕೇಳಿದವನು ನಾನೇ. ಬಸ್ಸಿನಲ್ಲಿ ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಳ್ಳುತ್ತಿದ್ದಾಗ, "ನಿಂತೂ ಬಿಡ್ತದ ಅಂತ ನಿನಗ ಹೆಂಗ ಗೊತ್ತು? ನೀನೂ ಮಲಗಿರ್ತಿ" ಎಂದೆ. ಚಟ ನೋಡಿ, ಹಲ್ಲು ಹೋದರೂ ಅದು ಹೋಗುವುದಿಲ್ಲ.

"ಗೊರಕಿ ಇದ್ದಾಗ ನನಗ ನಿದ್ದಿ ಹತ್ತತದ್ರಿ," ಎಂದಳು ಅವಳು, ಕಿಟಕಿಯ ಆಚೆಯ ತೊಗರಿ ಹೊಲಗಳನ್ನು ನೋಡುತ್ತ. "ನಿಂತ ಕೂಡಲೆ ಎಚ್ಚರಾಗ್ತದ. ಭುಜಾ ಅಲುಗಸ್ತೀನಿ. ಮತ್ತ ಚಾಲೂ ಆಗ್ತದ. ಆಮ್ಯಾಲ ಮಲಗ್ತೀನಿ."

ನನ್ನ ಉಸಿರು ಯಾರು ನೋಡುತ್ತಾರೆಂದು ಶಹಾಪುರದಲ್ಲಿ, ಯಾದಗಿರಿಯಲ್ಲಿ ಜಗಳವಾಡಿಕೊಂಡು ಕೇಳುತ್ತ ತಿರುಗಿದವನು ನಾನು. ಮನೆಯಲ್ಲಿ ಮೂವತ್ತಾರು ವರ್ಷದಿಂದ ಒಬ್ಬಳು ದಿನಾ ನೋಡಿದ್ದಳು. ಆ ಸಂಜೆ ಅವಳು ಮುಚ್ಚಿಟ್ಟಿದ್ದ ಬಟ್ಟಲನ್ನು ತಂದು ಮುಂದಿಟ್ಟಾಗ ಕಣ್ಣು ಒದ್ದೆಯಾಯಿತು. ಹಲ್ಲಿನ ನೋವು ಎಂದು ಹೇಳಿದೆ. ಅವಳು ನಂಬಲಿಲ್ಲವೆಂದು ಕಾಣುತ್ತದೆ.

ಅಷ್ಟು ವರ್ಷ ನೋಡಿದ್ದನ್ನು ಅವಳು ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೂ ಏನು, ನಾನು ಮೊದಲು ಶಾಯಿ ನೋಡುತ್ತಿದ್ದೆ.